ಜಾಲರಿಗೆ ಅಂಟದ ಹಾಗೆ ಮೀನು ಸುಡುವುದು

ಸುಟ್ಟ ಮೀನು ಕೆಡುವುದು ಹೆಚ್ಚಾಗಿ ಮಸಾಲೆಯಿಂದಲ್ಲ, ಒದ್ದೆ ಚರ್ಮದಿಂದ. ನೀರಿನ ಪಸೆ ಇರುವಷ್ಟು ಹೊತ್ತು ಚರ್ಮ ಗರಿಯಾಗುವುದಿಲ್ಲ, ಸುಮ್ಮನೆ ಬೇಯುತ್ತಾ ಕಬ್ಬಿಣವನ್ನು ಕಚ್ಚಿಕೊಳ್ಳುತ್ತದೆ. ಮಗುಚಲು ಹೋದರೆ ಅರ್ಧ ಮೀನು ಜಾಲರಿಯಲ್ಲೇ ಉಳಿಯುತ್ತದೆ.

ಕೆಲಸ ಶುರುವಾಗುವುದು ಮೀನು ಹಿಡಿದ ಕ್ಷಣದಿಂದ. ಮೀನನ್ನು ಕೊಂದ ಕೂಡಲೇ ಕಿವಿರಿನ ಬುಡ ಕತ್ತರಿಸಿ ರಕ್ತ ಇಳಿಸಿ, ಹೊಟ್ಟೆ ಸೀಳಿ ಕರುಳು ತೆಗೆದು ಐಸಿನಲ್ಲಿ ಹೂತಿಡಿ. ಬಂಗುಡೆ, ಟ್ಯೂನಾ ಜಾತಿಯವನ್ನು ಬಿಸಿಲಲ್ಲಿ ಬಿಟ್ಟರೆ ಮಾಂಸದಲ್ಲಿ ಹಿಸ್ಟಮಿನ್ ಹೆಚ್ಚುತ್ತದೆ. ತಿಂದವರಿಗೆ ಮುಖ ಕೆಂಪೇರಿ, ಮೈಯೆಲ್ಲ ತುರಿಸುತ್ತದೆ. ಎಷ್ಟು ಸುಟ್ಟರೂ ಅದು ಹೋಗುವುದಿಲ್ಲ. ಇನ್ನೊಂದು ಮಾತು: ಹಿಡಿದ ಕೆಲವು ಗಂಟೆಗಳಲ್ಲಿ ಮೀನು ಸೆಟೆದುಕೊಳ್ಳುತ್ತದೆ. ಆಗಲೇ ಸುಟ್ಟರೆ ಬಿಲ್ಲಿನಂತೆ ಬಾಗಿ, ಮಾಂಸ ಬಿಗಿಯಾಗುತ್ತದೆ. ಸೆಟೆಯುವ ಮೊದಲೇ ಸುಡಿ, ಇಲ್ಲವೇ ಐಸಿನಲ್ಲಿ ಮೈ ಸಡಿಲಾಗುವವರೆಗೆ ಕಾಯಿರಿ.

ಅರ್ಧ ಕಿಲೋ ತೂಗುವ ಇಡೀ ಮೀನು ಮನೆಯಡುಗೆಗೆ ಸಲೀಸು. ಬಾಲದಿಂದ ತಲೆಯ ಕಡೆಗೆ ಹುರುಪೆ ಉಜ್ಜಿ, ಕಿವಿರು ಕಿತ್ತು, ಬೆನ್ನುಮೂಳೆಗೆ ಒತ್ತಿಕೊಂಡ ಕಪ್ಪು ರಕ್ತದ ಗೆರೆಯನ್ನು ಉಗುರಿನಿಂದ ಕೆರೆದು ತೊಳೆಯಿರಿ. ಆ ಗೆರೆ ಉಳಿದರೆ ಕಹಿ. ಎರಡೂ ಬದಿಗೆ 3 ಸೆಂಟಿಮೀಟರ್ ಅಂತರದಲ್ಲಿ ಓರೆಯಾಗಿ ಗೀರಿ. ದಪ್ಪ ಭಾಗವೂ ಬಾಲದ ಭಾಗವೂ ಜೊತೆಗೇ ಬೇಯಲು ಇದು ಸಹಾಯ. ಒಂದು ಚಮಚ ಉಪ್ಪು ಒಳಗೂ ಹೊರಗೂ ಸವರಿ 15 ನಿಮಿಷ ಬಿಡಿ. ಚರ್ಮದ ಮೇಲೆ ಮಣಿಮಣಿಯಾಗಿ ನೀರು ಜಿನುಗುತ್ತದೆ. ಅದನ್ನು ಒಣಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಿರಿ, ಗೀರಿನ ಒಳಗಿನದನ್ನೂ. ಬೆರಳು ಎಳೆದರೆ ಜಾರಬಾರದು, ತಡೆಯಬೇಕು. ಆಮೇಲೆ ತೆಳುವಾಗಿ ಎಣ್ಣೆ. ನಿಂಬೆರಸ ಈಗ ಬೇಡ. ಹುಳಿಯಲ್ಲಿ ನೆನೆದ ಮಾಂಸ ಬೆಂಕಿ ಕಾಣುವ ಮೊದಲೇ ಬೆಳ್ಳಗಾಗಿ ಮೆತ್ತಗಾಗುತ್ತದೆ. ಸಕ್ಕರೆ, ಬೆಲ್ಲ ಇರುವ ಮಸಾಲೆಯಂತೂ ಮೀನು ಬೇಯುವುದರೊಳಗೆ ಸೀದು ಹೋಗುತ್ತದೆ.

ಇದ್ದಿಲು ಉರಿ ಇಳಿದು ಬೂದಿ ಹೊದೆಯುವವರೆಗೆ ಕಾಯಿರಿ, ಸುಮಾರು 25 ನಿಮಿಷ. ಜಾಲರಿಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿದರೆ ಮೂರು ಎಣಿಸುವಷ್ಟರಲ್ಲಿ ಹಿಂತೆಗೆಯುವಂತಿರಬೇಕು. ಜಾಲರಿಯನ್ನು ಚೆನ್ನಾಗಿ ಕಾಯಿಸಿ, ತಂತಿ ಬ್ರಷ್‌ನಿಂದ ಉಜ್ಜಿ, ಎಣ್ಣೆ ಬಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಒರೆಸಿ. ತಣ್ಣಗಿನ ಜಾಲರಿಗೆ ಎಷ್ಟು ಎಣ್ಣೆ ಹಚ್ಚಿದರೂ ಮೀನು ಅಂಟುತ್ತದೆ. ಕೆಂಡವನ್ನು ಒಂದೇ ಬದಿಗೆ ಸರಿಸಿಡಿ. ಕೊಬ್ಬು ತೊಟ್ಟಿಕ್ಕಿ ಉರಿ ಎದ್ದರೆ ಮೀನನ್ನು ಆಚೆ ಸರಿಸಲು ಜಾಗ ಬೇಕು. ಕೆಂಡವಿಲ್ಲದಿದ್ದರೆ ಗ್ಯಾಸ್ ಮೇಲೆ ದಪ್ಪ ಗ್ರಿಲ್ ತವಾ ಸಾಕು, ಹೊಗೆಯ ಪರಿಮಳ ಮಾತ್ರ ಸಿಗದು.

ಲೆಕ್ಕ ಸುಲಭ: ದಪ್ಪ 2.5 ಸೆಂಟಿಮೀಟರ್ ಇದ್ದರೆ ಎರಡೂ ಬದಿ ಸೇರಿ ಸುಮಾರು 10 ನಿಮಿಷ. ಮೀನಿಟ್ಟ ಮೇಲೆ ಕೈ ಕಟ್ಟಿ ಕುಳಿತುಕೊಳ್ಳುವುದೇ ಕಷ್ಟದ ಕೆಲಸ. ಐದು ನಿಮಿಷದ ನಂತರ ಸಟ್ಟುಗದಿಂದ ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ಬಿಡಲಿಲ್ಲವೇ? ಇನ್ನೊಂದು ನಿಮಿಷ. ಗರಿಯಾದ ಚರ್ಮ ತಾನಾಗಿಯೇ ಬಿಡುತ್ತದೆ. ಒಮ್ಮೆ ಮಾತ್ರ ಮಗುಚಿ, ಬೆನ್ನಿನ ಕಡೆಯಿಂದ ಹೊಟ್ಟೆಯ ಕಡೆಗೆ ಹೊರಳಿಸಿ. ಬೂತಾಯಿಯಂಥ ಸಣ್ಣ ಮೀನಿಗೆ ಎರಡು ಬದಿಯ ಹಿಡಿಕೆ ಜಾಲರಿ ಇದ್ದರೆ ಈ ತಲೆನೋವೇ ಇಲ್ಲ.

ಬೆಂದಿದೆಯೇ ತಿಳಿಯಲು ಬೆನ್ನಿನ ರೆಕ್ಕೆ ಎಳೆಯಿರಿ. ಸಲೀಸಾಗಿ ಕಳಚಿ ಬಂದರೆ ಆಯಿತು. ಥರ್ಮಾಮೀಟರ್ ಇದ್ದರೆ ತಲೆಯ ಹಿಂದಿನ ದಪ್ಪ ಭಾಗದಲ್ಲಿ 63 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಗೀರುಗಳಿಂದ ಬಿಳಿ ಮೊಸರಿನಂಥದ್ದು ತುಂಬಾ ಉಕ್ಕುತ್ತಿದ್ದರೆ ಹೊತ್ತು ಮೀರಿದೆ, ಕೂಡಲೇ ಇಳಿಸಿ.

ಮೂರು ನಿಮಿಷ ಆರಲು ಬಿಟ್ಟು, ಈಗ ನಿಂಬೆ ಹಿಂಡಿ. ಬೆನ್ನಿನ ಉದ್ದಕ್ಕೆ ಚಾಕು ಎಳೆದು ಮೇಲಿನ ಮಾಂಸ ಜರುಗಿಸಿದರೆ, ಬಾಲ ಹಿಡಿದು ಮೂಳೆಯನ್ನು ಒಂದೇ ಎಳೆತಕ್ಕೆ ಎತ್ತಬಹುದು. ಊಟಕ್ಕೆ ಕೂರುವ ಮೊದಲು ಬಿಸಿ ಜಾಲರಿಯನ್ನೊಮ್ಮೆ ಉಜ್ಜಿಬಿಡಿ. ತಣ್ಣಗಾದ ಮೇಲೆ ಅಂಟಿದ ಚರ್ಮ ಕಲ್ಲಿನಂತೆ ಕೂರುತ್ತದೆ.