ಹಿಮಕ್ಕೆ ಹೊರಟ ಫೋರ್ ವೀಲ್ ಗಾಡಿಗೆ ಎಂಥ ಚೈನು?

ನಮ್ಮ ಚಿಕ್ಕಬಳ್ಳಾಪುರದ ಪಕ್ಕದಲ್ಲಿ ಹಾದುಹೋಗುವ 44ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಬಾಗೇಪಲ್ಲಿ, ಹೈದರಾಬಾದು, ನಾಗಪುರ ದಾಟಿ, ರಸ್ತೆಯ ನಂಬರು ಬದಲಾಗದೆ ಶ್ರೀನಗರ ಮುಟ್ಟಬಹುದು. ಅದಕ್ಕೇ ಇರಬೇಕು, ದ್ರಾಕ್ಷಿಗೆ ಒಳ್ಳೆ ರೇಟು ಸಿಕ್ಕ ವರ್ಷ ನಮ್ಮ ಕಡೆ ಹುಡುಗರಿಗೆ ಫೋರ್ ವೀಲ್ ಡ್ರೈವ್ ಪಿಕಪ್ಪು ತಗೊಂಡು ಕಾಶ್ಮೀರ, ಮನಾಲಿ ಅಂತ ಹೊರಡೋ ಹುಮ್ಮಸ್ಸು ಬರುತ್ತೆ. ಹೊರಡೋ ಮುಂಚೆ ನನ್ನ ಟಯರ್ ಅಂಗಡಿಗೆ ಬರ್ತಾರೆ. ಸೈನ್ಯದ ಸರ್ವಿಸ್ ಕೋರ್‌ನಲ್ಲಿ ಡ್ರೈವರಾಗಿದ್ದವನು ನಾನು. ಸ್ಟಾಲಿಯನ್ ಅನ್ನೋ ಮಿಲಿಟ್ರಿ ಲಾರಿಯ ಗಾಲಿಗೆ, ಹಿಮದಲ್ಲಿ ಜಾರದಿರಲಿ ಅಂತ ಸುತ್ತೋ ಉಕ್ಕಿನ ಚೈನು ಕಟ್ಟಿ ಬೆಟ್ಟದ ಮೇಲಕ್ಕೆ ರೇಷನ್ನು ಸಾಗಿಸಿದವನು. ಊರಲ್ಲಿ 'ಮಿಲಿಟ್ರಿ ಅಣ್ಣ' ಅಂತಲೇ ಹೆಸರು. ಬಂದವರೆಲ್ಲರ ಪ್ರಶ್ನೆ ಒಂದೇ: "ಅಣ್ಣ, ಬಾಳಿಕೆ ಬರೋ ಚೈನು ಯಾವುದು?"

ಹಿಮದ ಮೇಲೆ ಓಡಿಸಿ ಚೈನು ಸವೆಸೋದು ಕಷ್ಟ. ಹಿಮ ಮೆತ್ತಗಿರುತ್ತೆ, ಕಬ್ಬಿಣಕ್ಕೆ ಏನೂ ಮಾಡಲ್ಲ. ಚೈನು ಸಾಯೋದು ಹಿಮದ ನಡುನಡುವೆ ಸಿಗುವ ಬರೀ ಟಾರಿನ ಮೇಲೆ, ಕಲ್ಲಿನ ಮೇಲೆ. ಶ್ರೀನಗರದಿಂದ ಲಡಾಖಿಗೆ ಹೋಗೋ ದಾರಿಯ, 3,528 ಮೀಟರ್ ಎತ್ತರದ ಜೋಜಿಲಾ ಘಾಟಿಯಲ್ಲಿ ಒಂದು ತಿರುವಿನಲ್ಲಿ ಹಿಮ, ಮುಂದಿನ ತಿರುವಿನಲ್ಲಿ ಕೆಸರು, ಅದರಾಚೆ ಚೂಪು ಕಲ್ಲು. ಮನಾಲಿ ಕಡೆಯಿಂದ ಹೋದರೆ ಅಟಲ್ ಸುರಂಗ. ಹೊರಗೆ ಹಿಮ ಬಿದ್ದಿದ್ದರೂ ಒಳಗೆ 9.02 ಕಿ.ಮೀ. ಒಣ ರಸ್ತೆ. ಬಿಚ್ಚಿ ಮತ್ತೆ ಕಟ್ಟೋದು ಯಾರು ಅನ್ನೋ ಸೋಮಾರಿತನಕ್ಕೆ ಚೈನು ಸಮೇತ ಸುರಂಗ ನುಗ್ಗಿದವರ ಲಿಂಕುಗಳು ಆಚೆ ಬಾಯಿಗೆ ಬರೋವಷ್ಟರಲ್ಲಿ ಒಂದು ಮಗ್ಗುಲಿಗೆ ಚಪ್ಪಟೆಯಾಗಿರ್ತವೆ.

ಹಾಗಾಗಿ ನಾನು ನೋಡೋದು ಎರಡು. ಟಾರು ತಿಂದರೂ ತಡೆಯೋವಂಥ ಗಟ್ಟಿ ಉಕ್ಕು ಇದೆಯಾ? ಟಾರು ಬಂದ ತಕ್ಷಣ ಬಿಚ್ಚೋಕೆ ಕೈ ಬರುವಷ್ಟು ಸಲೀಸಾದ ಕೊಂಡಿ ಇದೆಯಾ? ಎರಡನೆಯದನ್ನು ಯಾರೂ ಕೇಳಲ್ಲ. ಕಟ್ಟೋಕೆ ಬಿಚ್ಚೋಕೆ ಅರ್ಧ ಗಂಟೆ ಹಿಡಿಯೋ ಚೈನನ್ನು ಯಾರೂ ಬಿಚ್ಚಲ್ಲ, ಅದು ಎಂಥ ಉಕ್ಕಾದರೂ ಒಂದೇ ಸೀಸನ್ನಿಗೆ ಮುಗಿಯುತ್ತೆ.

ಮೊದಲು ಅಳತೆ

ಗಾಡಿ ಹೆಸರು ಹೇಳಿ ಚೈನು ಕೊಳ್ಳಬೇಡಿ, ಟಯರಿನ ಮೇಲಿರೋ ನಂಬರು ಓದಿ. ಥಾರ್ ಒಂದೇ ಗಾಡಿ, ಆದರೆ ಒಂದು ಮಾಡೆಲಿಗೆ 245/75 ಆರ್ 16 ಬರುತ್ತೆ, ಇನ್ನೊಂದಕ್ಕೆ 255/65 ಆರ್ 18. ಮೊದಲನೆಯದು ಟಯರಿನ ಅಗಲ, ಮಿಲಿಮೀಟರ್ ಲೆಕ್ಕ. ಎರಡನೆಯದು ಟಯರಿನ ಗೋಡೆಯ ಎತ್ತರ, ಅಗಲದಲ್ಲಿ ನೂರಕ್ಕೆ ಎಷ್ಟು ಅಂತ. ಕೊನೆಯದು ರಿಮ್ಮಿನ ಇಂಚು. ಮೂರೂ ಚೈನಿನ ಡಬ್ಬದ ಮೇಲಿನ ಪಟ್ಟಿಯಲ್ಲಿ ಹಾಗೇ ಇರಬೇಕು. 'ಹತ್ತಿರ ಹತ್ತಿರ ಆಗುತ್ತೆ' ಅಂತ ಅಂಗಡಿಯವನು ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಸಡಿಲವಾದ ಚೈನು ಮಡ್‌ಗಾರ್ಡಿಗೆ ಬಡಿದು ತಾನೂ ಹಾಳಾಗುತ್ತೆ, ಬ್ರೇಕ್ ಪೈಪನ್ನೂ ಕೀಳುತ್ತೆ.

ನಮ್ಮ ಹುಡುಗರಿಗೆ ಇನ್ನೊಂದು ಚಟ. ಗಾಡಿ ಬಂದ ವಾರಕ್ಕೇ ಕಂಪನಿ ಟಯರ್ ಕಿತ್ತು ದಪ್ಪ ಆಲ್ ಟೆರೇನ್ ಟಯರ್ ಹಾಕಿಸ್ತಾರೆ. ನೋಡೋಕೆ ಚೆನ್ನಾಗಿರುತ್ತೆ, ನನಗೂ ವ್ಯಾಪಾರ, ಇಲ್ಲ ಅನ್ನಲ್ಲ. ಆದರೆ ಚೈನು ಕೂರೋಕೆ ಬೇಕಾದ ಜಾಗವನ್ನು ಆ ಟಯರೇ ನುಂಗಿರುತ್ತೆ. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ ಕೈ ತೂರಿಸಿ ನೋಡಿ. ಟಯರಿನ ಒಳ ಮಗ್ಗುಲಿಗೂ ಸಸ್ಪೆನ್ಷನ್ನಿನ ತೋಳು, ಶಾಕ್ ಅಬ್ಸಾರ್ಬರ್, ಬ್ರೇಕ್ ಪೈಪು ಇವುಗಳಿಗೂ ನಡುವೆ ಎಷ್ಟು ಸಂದು ಇದೆ? ಅಳೆಯೋವಾಗ ಗಾಡಿಯಲ್ಲಿ ಲೋಡು ಇರಲಿ. ಖಾಲಿ ಗಾಡಿ ಎತ್ತರ ನಿಂತು ಸುಳ್ಳು ಹೇಳುತ್ತೆ.

ಈ ಸಂದಿಗೆ ಅಮೆರಿಕದವರು ಮೂರು ದರ್ಜೆ ಮಾಡಿದ್ದಾರೆ, ಡಬ್ಬದ ಮೇಲೆ ಅಚ್ಚಾಗಿರುತ್ತೆ. ಎಸ್ ದರ್ಜೆಯ ಚೈನಿಗೆ ಟಯರಿನ ನೆತ್ತಿಯ ಮೇಲೆ 37 ಮಿ.ಮೀ., ಪಕ್ಕಕ್ಕೆ 15 ಮಿ.ಮೀ. ಜಾಗ ಸಾಕು. ಯು ದರ್ಜೆಗೆ 50 ಮತ್ತು 23. ಡಬ್ಲ್ಯೂ ಅಂದರೆ ಹಗುರ ಲಾರಿ ಥರದ ಗಾಡಿಯದು, 64 ಮತ್ತು 38. ನಿಮ್ಮ ಪಿಕಪ್ಪಿನಲ್ಲಿ ಜಾಗ ಇಲ್ಲದಿದ್ದರೆ ದಪ್ಪ ಚೈನಿನ ಆಸೆ ಬಿಡಿ, ಇಲ್ಲಾ ಹಳೇ ಟಯರ್ ವಾಪಸ್ ಹಾಕಿ. ನಾನಾದರೆ ಹಳೇ ಟಯರೇ ಹಾಕ್ತೀನಿ.

ಉಕ್ಕು

ಇಲ್ಲೇ ದುಡ್ಡು ಹಾಕಬೇಕಾದ್ದು. ಒಳ್ಳೆ ಚೈನಿನ ಲಿಂಕು ಮಿಶ್ರಲೋಹದ ಉಕ್ಕು, ಅದರ ಮೇಲ್ಮೈಗೆ ಬೇರೆಯಾಗಿ ಹದ ಕೊಟ್ಟಿರ್ತಾರೆ. ಹೊರಪದರ ಗಾಜಿನಷ್ಟು ಗಟ್ಟಿ, ಒಳಗೆ ಮಾತ್ರ ಬಾಗೋ ಗುಣ ಉಳಿಸಿರ್ತಾರೆ. ಹೊರಗಿನ ಗಟ್ಟಿತನ ಟಾರಿಗೆ, ಒಳಗಿನ ಮೆದುತನ ಕಲ್ಲಿನ ಏಟಿಗೆ. ಪೂರ್ತಿ ಮೆದು ಕಬ್ಬಿಣದ್ದಾದರೆ ಸವೆದುಹೋಗುತ್ತೆ, ಪೂರ್ತಿ ಗಟ್ಟಿಯಾದರೆ ಏಟಿಗೆ ಚಟ್ ಅಂತ ಮುರಿಯುತ್ತೆ.

ಗೊತ್ತಾಗೋದು ಹೇಗೆ? ಜೇಬಲ್ಲಿ ಒಂದು ಸಣ್ಣ ಅರ ಇಟ್ಟುಕೊಂಡು ಹೋಗಿ. ಅಂಗಡಿಯವನನ್ನು ಕೇಳಿ, ಕಾಣದ ಕಡೆ ಒಂದು ಲಿಂಕಿನ ಮೇಲೆ ಉಜ್ಜಿ. ಮೊದಲು ಮೇಲಿನ ಜಿಂಕ್ ಲೇಪ ಕಿತ್ತು ಬರುತ್ತೆ, ಅದನ್ನು ಲೆಕ್ಕಕ್ಕೆ ತಗೋಬೇಡಿ. ಅದರ ಕೆಳಗೆ ಅರ ಜಾರಿಹೋದರೆ ಹದ ಕೊಟ್ಟ ಉಕ್ಕು. ಕಚ್ಚಿ ಪುಡಿ ಉದುರಿಸಿದರೆ ಬರೀ ಮೆದು ಕಬ್ಬಿಣ, ಹೊಳೆಯೋದೆಲ್ಲ ಲೇಪದ ಹೊಳಪು. ಉಜ್ಜೋಕೆ ಬಿಡಲ್ಲ ಅಂದವನ ಹತ್ತಿರ ಕೊಳ್ಳಬೇಡಿ. ಆನ್‌ಲೈನಲ್ಲಿ ತರಿಸಿದ್ದರೆ, ವಾಪಸ್ ಕಳಿಸೋ ಗಡುವು ಮುಗಿಯೋ ಮುಂಚೆ ಈ ಪರೀಕ್ಷೆ ಮಾಡಿ.

ಲಿಂಕಿನ ಆಕಾರವೂ ನೋಡಿ. ಗುಂಡು ಸರಳಿನ ಲಿಂಕು ನೆಲಕ್ಕೆ ತಾಗೋದು ಒಂದು ಗೆರೆಯಷ್ಟು ಮಾತ್ರ, ಅದೇ ಗೆರೆ ಬೇಗ ಸವೆಯುತ್ತೆ. ಚೌಕ ಸರಳಿನದು ಅಗಲವಾಗಿ ಕೂರುತ್ತೆ, ಅಂಚಿನಿಂದ ಮಂಜುಗಡ್ಡೆ ಕಚ್ಚುತ್ತೆ, ಸವೆಯೋದೂ ನಿಧಾನ. ಭಾರಿ ಚೈನುಗಳಲ್ಲಿ ಲಿಂಕಿನ ಮೇಲೆ ವಿ ಆಕಾರದ ತುಂಡು ಬೆಸೆದಿರ್ತಾರೆ. ಮಂಜುಗಡ್ಡೆಯ ಮೇಲೆ ಅದರಷ್ಟು ಹಿಡಿತ ಕೊಡೋವು ಅಪರೂಪ, ಆದರೆ ಒಣ ರಸ್ತೆಯಲ್ಲಿ ಹಲ್ಲು ಕಟಕಟ ಅನ್ನೋ ಹಾಗೆ ಕುಲುಕುತ್ತೆ.

ಯುರೋಪಿನ ಮಾಲಾದರೆ ಇಎನ್ 16662-1 ಅನ್ನೋ ಗುರುತು ಹುಡುಕಿ. 2020ರಲ್ಲಿ ಬಂದ ಮಾನಕ ಅದು, ಕಾರು ಮತ್ತು ಹಗುರ ಲಾರಿಗಳ ಚೈನಿಗೆ. ಅದಕ್ಕೂ ಹಳೆಯ ಸ್ಟಾಕಿನಲ್ಲಿ ಆಸ್ಟ್ರಿಯಾದ ವಿ 5117 ಅಥವಾ ವಿ 5119 ಅಂತ ಇರುತ್ತೆ. ಫೋರ್ ವೀಲ್ ಪಿಕಪ್ಪಿಗೆ 5119 ಒಳ್ಳೇದು, 5117 ಕಾರಿಗೆ ಮಾಡಿದ್ದು.

ಹೆಣಿಗೆ

ಏಣಿಯ ಹಾಗೆ ಅಡ್ಡಡ್ಡ ಪಟ್ಟಿ ಇರೋದು ಒಂದು ಥರ, ಟಯರಿನ ಮೇಲೆ ವಜ್ರದ ಆಕಾರಕ್ಕೆ ಹೆಣೆದಿರೋದು ಇನ್ನೊಂದು. ಏಣಿ ಚೈನು ಹಳೇ ಕಾಲದ್ದು, ಅಗ್ಗ, ತುಂಡಾದರೆ ತಂತಿ ಕಟ್ಟಿಯಾದರೂ ಮುಂದೆ ಹೋಗಬಹುದು. ನೇರಕ್ಕೆ ಎಳೆಯೋಕೆ ಗಟ್ಟಿಗ. ಆದರೆ ಎರಡು ಪಟ್ಟಿಯ ನಡುವೆ ಬರೀ ರಬ್ಬರು, ಅಲ್ಲಿ ಗಾಡಿ ಪಕ್ಕಕ್ಕೆ ಜಾರುತ್ತೆ. ಘಾಟಿ ರಸ್ತೆಯಲ್ಲಿ ಪಕ್ಕ ಅಂದರೆ ಕಂದಕ. ವಜ್ರದ ಹೆಣಿಗೆಯಲ್ಲಿ ಯಾವಾಗಲೂ ಒಂದಲ್ಲ ಒಂದು ಲಿಂಕು ನೆಲ ಹಿಡಿದಿರುತ್ತೆ, ಕುಲುಕಾಟ ಕಡಿಮೆ, ಸವೆತವೂ ಟಯರಿನ ಸುತ್ತ ಹಂಚಿಹೋಗುತ್ತೆ. ಪಿಕಪ್ಪಿಗೆ ನನ್ನ ಓಟು ವಜ್ರಕ್ಕೇ. ಸ್ಟಾಲಿಯನ್ನಿನಂಥ ದೊಡ್ಡ ಗಾಡಿ ನಿಧಾನಕ್ಕೆ ಹೋಗುತ್ತೆ, ರಿಪೇರಿಗೆ ಆಳು ಇರ್ತಾರೆ, ಅದಕ್ಕೆ ಏಣಿ ಪರವಾಗಿಲ್ಲ.

ತಾನೇ ಬಿಗಿಯಾಗೋ ಚೈನು ಅಂತ ಬಂದಿವೆ, ಸಣ್ಣ ಗರಗರ ಯಂತ್ರ ಇರುತ್ತೆ. ಕಾರಿಗೆ ಸರಿ. ಜೋಜಿಲಾದ ಕೆಸರು, ಮರಳು ಆ ಗೂಡಿಗೆ ಹೊಕ್ಕು ರಾತ್ರಿ ಹೆಪ್ಪುಗಟ್ಟಿದರೆ ಬೆಳಗ್ಗೆ ಬಿಚ್ಚೋಕೂ ಬರಲ್ಲ. ಕೈಯಲ್ಲಿ ಎಳೆದು ಕೊಕ್ಕೆಗೆ ಸಿಗಿಸೋದು ಸಾಕು. ಅದರಲ್ಲಿ ಕೆಡೋಕೆ ಏನೂ ಇಲ್ಲ. ಕೊಕ್ಕೆಗಳು ಕೈಗವಸು ಹಾಕಿದ ಬೆರಳಿಗೆ ಸಿಗೋವಷ್ಟು ದೊಡ್ಡದಿರಲಿ, ಒಳಗಿನ ಕೊಂಡಿಗೂ ಹೊರಗಿನದಕ್ಕೂ ಬೇರೆ ಬಣ್ಣ ಇದ್ದರೆ ಇನ್ನೂ ಒಳ್ಳೇದು.

ಚೈನಿನ ಬದಲು ಟಯರಿಗೆ ತೊಡಿಸೋ ಬಟ್ಟೆಯ ಕಾಲುಚೀಲ, ಪ್ಲಾಸ್ಟಿಕ್ ಪಟ್ಟಿ, ತೆಳು ವೈರಿನ ಹಗ್ಗ, ಇವೆಲ್ಲ ಎರಡು ಟನ್ ತೂಗೋ ಗಾಡಿಗೆ ಆಗಲ್ಲ. ಕಾಲುಚೀಲ ಒಣ ಟಾರು ಸಿಕ್ಕರೆ ಹರಿದು ಚಿಂದಿ.

ಎಷ್ಟು ಜೊತೆ, ಯಾವ ಗಾಲಿಗೆ

ಫೋರ್ ವೀಲ್ ಗಾಡಿಗೆ ಎರಡು ಜೊತೆ, ಅಂದರೆ ನಾಲ್ಕು ಗಾಲಿಗೂ. ದುಡ್ಡು ಉಳಿಸೋಕೆ ಒಂದೇ ಜೊತೆ ತಗೊಂಡರೆ ಇಳಿಜಾರಲ್ಲಿ ಲೆಕ್ಕ ಕೊಡಬೇಕಾಗುತ್ತೆ. ಹಿಂದೆ ಮಾತ್ರ ಕಟ್ಟಿದರೆ ತಿರುವಿನಲ್ಲಿ ಸ್ಟೇರಿಂಗ್ ತಿರುಗಿದರೂ ಗಾಡಿ ನೇರ ಹೋಗುತ್ತೆ. ಮುಂದೆ ಮಾತ್ರ ಕಟ್ಟಿದರೆ ಬ್ರೇಕ್ ಒತ್ತಿದಾಗ ಹಿಂಭಾಗ ತಿರುಗಿ ಮುಂದಕ್ಕೆ ಬರುತ್ತೆ. ಇರೋದು ಒಂದೇ ಜೊತೆ ಅಂದರೆ ಗಾಡಿಯ ಮಾಲೀಕರ ಕೈಪಿಡಿ ಯಾವ ಆಕ್ಸೆಲ್ ಅನ್ನುತ್ತೋ ಅಲ್ಲಿಗೇ ಕಟ್ಟಿ. ಕೆಲವು ಗಾಡಿಗಳಲ್ಲಿ ಮುಂದಿನ ಗಾಲಿಗೆ ಜಾಗವೇ ಇರಲ್ಲ, ಅದನ್ನು ಕೈಪಿಡಿಯಲ್ಲಿ ಬರೆದಿರ್ತಾರೆ. ಒಂದು ಆಕ್ಸೆಲ್ಲಿನ ಒಂದೇ ಗಾಲಿಗೆ ಕಟ್ಟೋದಂತೂ ಬೇಡವೇ ಬೇಡ. ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಹಿಂದಿನ ಆಕ್ಸೆಲ್ ಮೇಲೆ ಮರಳಿನ ಚೀಲ ಇಟ್ಟು ಕಟ್ಟಿ.

ಒಂದೇ ಸಲಕ್ಕೆ ಹೋಗ್ತೀರಾ ಅಂದರೆ ಕೊಳ್ಳಲೇಬೇಡಿ. ಗುಲ್ಮಾರ್ಗಿಗೆ ಹತ್ತೋ ಮುಂಚೆ ತಂಗ್‌ಮಾರ್ಗ್‌ನಲ್ಲಿ, ಮನಾಲಿಯಲ್ಲಿ ಬಾಡಿಗೆಗೆ ಸಿಗ್ತವೆ. ಬಾಡಿಗೆ ಚೈನು ತಗೊಳ್ಳೋವಾಗ ನೆಲದ ಮೇಲೆ ಹಾಸಿ ಒಂದೊಂದು ಲಿಂಕು ನೋಡಿ.

ಚಿಕ್ಕಬಳ್ಳಾಪುರದಲ್ಲೇ ಕಲಿತು ಹೋಗಿ

ಇಲ್ಲಿ ಹಿಮ ಇಲ್ಲ, ನಂದಿಯಲ್ಲಿ ಮಂಜು ಕವಿದರೇ ನಮಗೆ ದೊಡ್ಡ ಚಳಿ. ಅದಕ್ಕೆ ನನ್ನ ಅಂಗಡಿ ಹಿಂದಿನ ಮಣ್ಣಿನ ಜಾಗದಲ್ಲಿ ಕಟ್ಟಿಸ್ತೀನಿ, ಅದೂ ಕತ್ತಲಾದ ಮೇಲೆ, ತಲೆಗೆ ಟಾರ್ಚು ಕಟ್ಟಿಕೊಂಡು. ಪಕ್ಕದ ಸೋಡಾ ಅಂಗಡಿಯಿಂದ ಐಸು ತರಿಸಿ ಬಕೆಟ್ ನೀರಿಗೆ ಹಾಕಿ, ಅದರಲ್ಲಿ ಕೈ ಅದ್ದಿ ಆಮೇಲೆ ಕಟ್ಟಿ ಅಂತೀನಿ. ನಗ್ತಾರೆ. ಮರಗಟ್ಟಿದ ಬೆರಳಿಗೆ ಕೊಕ್ಕೆ ಸಿಗಲ್ಲ ಅಂತ ಗೊತ್ತಾದ ಮೇಲೆ ನಗು ನಿಲ್ಲುತ್ತೆ.

ಕಟ್ಟೋ ಕ್ರಮ ಇಷ್ಟು. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಡಿ. ಚೈನನ್ನು ನೆಲದ ಮೇಲೆ ಹರಡಿ ಸಿಕ್ಕು ಬಿಡಿಸಿ. ಚೈನಿನ ಒಳ ಮಗ್ಗುಲಿನ ಹಗ್ಗ ಅಥವಾ ಸರಪಳಿಯನ್ನು ಟಯರಿನ ಹಿಂದಿನಿಂದ ತೂರಿಸಿ, ಮೇಲೆತ್ತಿ ಕೊಂಡಿ ಹಾಕಿ, ಆಮೇಲೆ ಹೊರಗಿನ ಕೊಂಡಿ. ಕೊಕ್ಕೆಯ ತೆರೆದ ಬಾಯಿ ಟಯರಿಗಲ್ಲ, ಹೊರಕ್ಕೆ ಮುಖ ಮಾಡಿರಬೇಕು, ಇಲ್ಲದಿದ್ದರೆ ರಬ್ಬರನ್ನು ಕೊರೆಯುತ್ತೆ. ಬಿಗಿ ಎಳೆದು, ಉಳಿದ ತುದಿಯನ್ನು ನೇತಾಡದ ಹಾಗೆ ಸಿಗಿಸಿ. ನೂರು ಮೀಟರ್ ಓಡಿಸಿ, ಇಳಿದು, ಮತ್ತೆ ಎಳೆಯಿರಿ. ಈ ಎರಡನೇ ಬಿಗಿ ಬಿಟ್ಟವರ ಚೈನೇ ಕಳಚಿ ಬೀಳೋದು. ಟಯರಿನ ಗಾಳಿ ಇಳಿಸಿ ಚೈನು ಕಟ್ಟಬೇಡಿ.

ಹಿಮ ಶುರುವಾಗೋ ಮುಂಚೆ ಕಟ್ಟಿ, ಸಿಕ್ಕಿಹಾಕಿಕೊಂಡ ಮೇಲಲ್ಲ. ಚೈನು ಕಟ್ಟಿದ ಗಾಡಿಗೆ ಗಂಟೆಗೆ 50 ಕಿ.ಮೀ. ಮೇಲ್ಮಿತಿ ಅಂತ ಹೆಚ್ಚಿನ ಕಂಪನಿಗಳು ಬರೆದಿರ್ತವೆ, ಘಾಟಿಯಲ್ಲಿ 30 ದಾಟಬೇಡಿ. ಗಾಲಿ ನಿಂತಲ್ಲೇ ಗರಗರ ಸುತ್ತಿದರೆ ಆಕ್ಸಿಲರೇಟರ್ ಬಿಡಿ. ಹಾಗೆ ಸುತ್ತೋವಾಗ ಚೈನು ಹಿಮ ಕೊರೆದು ಕೆಳಗಿನ ಕಲ್ಲಿಗೆ ತಿಕ್ಕುತ್ತೆ. ಟಾರು ಒಂದು ಫರ್ಲಾಂಗಿಗಿಂತ ಹೆಚ್ಚು ಕಂಡರೆ ಪಕ್ಕಕ್ಕೆ ಹಾಕಿ ಬಿಚ್ಚಿ. ಅಟಲ್ ಸುರಂಗವಾದರೆ ಬಾಯಿಗೆ ಮುಂಚೆಯೇ, ಒಳಗೆ ನಿಲ್ಲಿಸೋ ಹಾಗಿಲ್ಲ.

1904ರಲ್ಲಿ ಅಮೆರಿಕದ ಹ್ಯಾರಿ ವೀಡ್ ಅನ್ನುವಾತ ಟಯರ್ ಚೈನಿಗೆ ಪೇಟೆಂಟ್ ಪಡೆದ. ಕೆಸರಲ್ಲಿ ಜಾರದಿರಲಿ ಅಂತ ಜನ ಗಾಲಿಗೆ ಹಗ್ಗ, ಬಳ್ಳಿ ಸುತ್ತೋದು ನೋಡಿ ಅವನಿಗೆ ಹೊಳೆದದ್ದಂತೆ. ಕರಿಮಣ್ಣಿನ ಹೊಲದಲ್ಲಿ ಟ್ರಾಕ್ಟರ್ ಹೂತವರಿಗೆ ಇದು ಹೊಸದಲ್ಲ.

ಊರಿಗೆ ಬಂದ ಮೇಲೆ ಚೈನನ್ನು ಚೀಲದಲ್ಲೇ ಬಿಟ್ಟು ಮರೆಯಬೇಡಿ. ಸಿಹಿನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಮೊಳೆಗೆ ನೇತುಹಾಕಿ. ನೆಲಕ್ಕೆ ತಾಗೋ ಲಿಂಕಿನ ದಪ್ಪವನ್ನು ಪಕ್ಕದ ಸರಪಳಿಯ ಸವೆಯದ ಲಿಂಕಿನ ಜೊತೆ ಅಲ್ಲ, ಹೊಸದಿದ್ದಾಗ ನೀವೇ ಅಳೆದು ಬರೆದಿಟ್ಟ ಲೆಕ್ಕದ ಜೊತೆ ಹೋಲಿಸಿ. ಅರ್ಧಕ್ಕೆ ಬಂದಿದ್ದರೆ ಆ ಚೈನು ಮುಗಿಯಿತು, ಬೆಸುಗೆ ಹಾಕಿಸಬೇಡಿ. ಬೆಸುಗೆಯ ಬಿಸಿಗೆ ಸುತ್ತಲಿನ ಹದ ಹೋಗುತ್ತೆ. ಒಂದೆರಡು ಲಿಂಕು ಮಾತ್ರ ಹೋಗಿದ್ದರೆ ರಿಪೇರಿ ಲಿಂಕು ಬರುತ್ತೆ, ಬೋಲ್ಟು ಹಾಕಿ ಬಿಗಿಯೋದು. ಅಂಥವು ನಾಲ್ಕೈದು, ಒಂದು ಇಕ್ಕಳ, ಒಂದು ಸುತ್ತು ಬೈಂಡಿಂಗ್ ತಂತಿ, ಮೊಣಕಾಲಿಗೆ ಹಾಸೋಕೆ ಗೋಣಿಚೀಲ, ರಬ್ಬರ್ ಕೈಗವಸು ಚೈನಿನ ಜೊತೆಗೇ ಇಡಿ. ಸ್ಟೆಪ್ನಿ ಬೇರೆ ಅಳತೆಯದಾಗಿದ್ದರೆ ಹೊರಡೋ ಮುಂಚೆ ಬದಲಾಯಿಸಿಕೊಳ್ಳಿ. ಪಂಕ್ಚರಾದ ದಿನ ಚೈನು ಅದಕ್ಕೆ ಕೂರಬೇಕಲ್ಲ.