ಮೈಸೂರಿನಿಂದ ಕಲಬುರಗಿಗೆ ವಿಮಾನದ ಲೆಕ್ಕ ಹಾಕಿದ್ದು ಹೀಗೆ

ನನ್ನ ಕೆಲಸ ಮೈಸೂರಿನಲ್ಲಿ, ಅಪ್ಪ–ಅವ್ವ ಇರುವುದು ಕಲಬುರಗಿಯಲ್ಲಿ. ಎರಡೂ ಊರಿಗೆ ವಿಮಾನ ನಿಲ್ದಾಣವಿದೆ. ಮೈಸೂರಿನದು ಮಂಡಕಳ್ಳಿಯಲ್ಲಿ, ಕಲಬುರಗಿಯದು 2019ರ ನವೆಂಬರ್‌ನಲ್ಲಿ ಉದ್ಘಾಟನೆಯಾದದ್ದು. ನಡುವಿನ ದೂರವನ್ನು ನಾನೇ ಕಾಗದದ ಮೇಲೆ ಲೆಕ್ಕ ಹಾಕಿದೆ.

ಮೈಸೂರು ನಿಲ್ದಾಣ 12.23 ಡಿಗ್ರಿ ಉತ್ತರ ಅಕ್ಷಾಂಶ, 76.66 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಕಲಬುರಗಿಯದು 17.31 ಮತ್ತು 76.96. ರೇಖಾಂಶದ ವ್ಯತ್ಯಾಸ ಬರೀ 0.3 ಡಿಗ್ರಿ, ಅಂದರೆ ಸುಮಾರು 32 ಕಿ.ಮೀ. ಮೈಸೂರಿನಿಂದ ನೆಟ್ಟಗೆ ಉತ್ತರಕ್ಕೆ ಗೆರೆ ಎಳೆದರೆ ಕಲಬುರಗಿ ಅದರ ಪಕ್ಕದಲ್ಲೇ ಸಿಗುತ್ತದೆ. ಇಂಥ ಜೋಡಿಗೆ ತ್ರಿಕೋನಮಿತಿಯ ಉದ್ದನೆಯ ಸೂತ್ರವೇ ಬೇಡ. ಅಕ್ಷಾಂಶದ ಒಂದು ಡಿಗ್ರಿಗೆ 60 ನಿಮಿಷ, ಆ ಒಂದೊಂದು ನಿಮಿಷಕ್ಕೂ ಒಂದು ನಾಟಿಕಲ್ ಮೈಲಿ, ಎಂದರೆ 1.852 ಕಿ.ಮೀ. 5.08 ಡಿಗ್ರಿಗೆ 305 ನಾಟಿಕಲ್ ಮೈಲಿ, ಸುಮಾರು 565 ಕಿ.ಮೀ. ಪೂರ್ವದ ಆ 32 ಕಿ.ಮೀ.ಯನ್ನು ಪೈಥಾಗೊರಸ್ ಪ್ರಮೇಯದಿಂದ ಸೇರಿಸಿದರೂ ಹೆಚ್ಚುವುದು ಒಂದೇ ಕಿಲೋಮೀಟರ್. ಎಷ್ಟು ಸಲ ನೋಡಿದರೂ ನನಗೆ ಖುಷಿ ಕೊಡುವ ಲೆಕ್ಕವಿದು.

ಸಮಯದ ಲೆಕ್ಕ ಇಷ್ಟು ಸಲೀಸಲ್ಲ. ಜೆಟ್ ವಿಮಾನದ ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದರೆ 42 ನಿಮಿಷ ಬರುತ್ತದೆ. ಆದರೆ ಮಂಡಕಳ್ಳಿಯ ರನ್‌ವೇ ಉದ್ದ 1,740 ಮೀಟರ್. ದೊಡ್ಡ ಜೆಟ್‌ಗಳಿಗೆ ಅದು ಸಾಲದು; ಅಲ್ಲಿಗೆ ಹೊಂದುವುದು ಎಟಿಆರ್ 72ರಂಥ ಪ್ರೊಪೆಲ್ಲರ್ ವಿಮಾನ. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಅಲ್ಲಿಗೆ ಒಂದು ಗಂಟೆ ಎಂಟು ನಿಮಿಷವಾಯಿತು. ಇನ್ನೊಂದು ಸಂಗತಿ: ಎರಡೂ ಕಡೆ ರನ್‌ವೇ ಇರುವುದು ಪೂರ್ವ–ಪಶ್ಚಿಮವಾಗಿ, ಹೋಗಬೇಕಾದ್ದು ಉತ್ತರಕ್ಕೆ. ಏರಿದ ಮೇಲೆ ಒಂದು ತಿರುವು, ಇಳಿಯುವ ಮುನ್ನ ಇನ್ನೊಂದು. ನೆಲದ ಮೇಲಿನ ಓಟ, ಏರುವ–ಇಳಿಯುವ ನಿಧಾನಗತಿ ಸೇರಿಸಿ 25 ನಿಮಿಷ ಕೂಡಿಸುತ್ತೇನೆ. ನೇರ ವಿಮಾನವೊಂದು ಇದ್ದರೆ ಒಂದೂವರೆ ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತದೆ.

ಬೆಂಗಳೂರಿನ ಮೇಲೆ ಹೋದರೆ? ಮೈಸೂರಿನಿಂದ ದೇವನಹಳ್ಳಿಗೆ ಆಕಾಶದಲ್ಲಿ 157 ಕಿ.ಮೀ., ಅಲ್ಲಿಂದ ಕಲಬುರಗಿಗೆ 464. ಒಟ್ಟು 621, ನೇರ ದೂರಕ್ಕಿಂತ 56 ಕಿ.ಮೀ. ಮಾತ್ರ ಹೆಚ್ಚು. ದೂರ ಇಷ್ಟೇ ಹೆಚ್ಚಿದರೂ ಸಮಯ ಹಲವು ಪಟ್ಟು ಹಿಗ್ಗುತ್ತದೆ. ಮೈಸೂರಿನಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸಾದ ಫ್ಲೈಬಸ್‌ನಲ್ಲಿ ದೇವನಹಳ್ಳಿಗೆ ಸುಮಾರು ನಾಲ್ಕು ಗಂಟೆ, ಚೆಕ್‌ಇನ್‌ಗೆಂದು ಎರಡು ಗಂಟೆ ಮುಂಚೆ, ಹಾರಾಟ ಒಂದು ಗಂಟೆ ಚಿಲ್ಲರೆ, ಇಳಿದ ಮೇಲೆ ಬ್ಯಾಗು, ಆಟೊ ಅಂತ ಮುಕ್ಕಾಲು ಗಂಟೆ. ಎಂಟು ಗಂಟೆ ಆಗೇ ಆಗುತ್ತದೆ.

ಅವ್ವ ಫೋನಿನಲ್ಲಿ ಕೇಳುವುದು "ಮನಿಗಿ ಎಷ್ಟೊತ್ತಿಗಿ ಮುಟ್ತಿ?" ಎಂದು. ಹಾಗಾಗಿ ನನ್ನ ಕಾಗದದಲ್ಲಿ ಹಾರಾಟದ ಸಾಲಿಗಿಂತ ಮೊದಲು ಬರೆಯುವುದು ಮನೆಯ ಬಾಗಿಲಿನಿಂದ ಬಾಗಿಲಿನವರೆಗಿನ ಸಮಯ. ವಿಮಾನಗಳ ವೇಳಾಪಟ್ಟಿ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಬದಲಾಗುತ್ತದೆ. ಸಣ್ಣ ನಿಲ್ದಾಣಗಳಿಗೆ ಕೆಲವು ದಿನ ಮಾತ್ರ ಹಾರಾಟ ಇರುವುದೂ ಉಂಟು. ಅದನ್ನು ನೋಡದೆ ರಜೆ ಹಾಕುವುದಿಲ್ಲ.

ಅಪ್ಪ–ಅವ್ವ ಇಲ್ಲಿಗೆ ಬರುವಾಗ ಮಾತ್ರ ನಾನು ಬಸವ ಎಕ್ಸ್‌ಪ್ರೆಸ್‌ನಲ್ಲೇ ಕೆಳಗಿನ ಬರ್ತ್ ಮಾಡಿಸುತ್ತೇನೆ. ಒಂದು ರಾತ್ರಿ ರೈಲಿನಲ್ಲೇ ಕಳೆಯುತ್ತದೆ, ಸರಿ. ಆದರೆ ಬ್ಯಾಗು ಹಿಡಿದು ಬಸ್ಸಿಂದ ವಿಮಾನಕ್ಕೆ, ವಿಮಾನದಿಂದ ಬಸ್ಸಿಗೆ ಅಲೆಯುವುದು ತಪ್ಪುತ್ತದೆ.