ವುಡ್‌ವರ್ಡ್ ಕ್ರೂಸ್ ನೋಡೋಕೆ ಹೋಗೋರಿಗೆ
ಡೆಟ್ರಾಯಿಟ್ ಕಡೆ ಇರೋರಿಗೆ ಗೊತ್ತೇ ಇರತ್ತೆ, ಆಗಸ್ಟ್ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್, ಅಂದ್ರೆ ವುಡ್‌ವರ್ಡ್ ಅವೆನ್ಯೂ ರಸ್ತೇಲಿ ಹಳೇ ಕಾರ್‌ಗಳ ಮೆರವಣಿಗೆ, 1995ರಿಂದ ನಡೀತಿದೆ, ಆದ್ರೆ ಹಳೇ ಮಸಲ್ ಕಾರ್‌ಗಳನ್ನ (ದೊಡ್ಡ ಎಂಜಿನ್ ಹಾಕಿದ ಜೋರು ಅಮೆರಿಕನ್ ಕಾರ್‌ಗಳು) ಹತ್ರದಿಂದ ನೋಡ್ಬೇಕು ಅಂದ್ರೆ ಶನಿವಾರದ ಆಸೆ ಬಿಡಿ, ಸಿಕ್ಕಾಪಟ್ಟೆ ರಶ್ಶು. ಅದೇ ವಾರ ಬುಧವಾರನೋ ಗುರುವಾರನೋ ಸಂಜೆ ಹೋಗಿ, ರಸ್ತೆ ಪಕ್ಕದ ಪಾರ್ಕಿಂಗ್ ಲಾಟ್‌ಗಳಲ್ಲಿ ಓನರ್‌ಗಳು ಮಡಚೋ ಕುರ್ಚಿ ಹಾಕ್ಕೊಂಡು ಹರಟೆ ಹೊಡೀತಾ ಕೂತಿರ್ತಾರೆ, ನೀವೂ ಒಂದು ಕುರ್ಚಿ ತಗೊಂಡೇ ಹೋಗಿ.

ಕಾರ್ ಮಾತ್ರ ಮುಟ್ಬೇಡಿ, ಒರಗಲೂಬೇಡಿ, ಬೆಲ್ಟ್ ಬಕಲ್ ತಾಗಿದ್ರೂ ಪೇಂಟ್ ಗೀರತ್ತೆ. ಅದರ ಬದಲು ಎಂಜಿನ್ ಒರಿಜಿನಲ್ಲಾ, ಕಾರ್ ಜೊತೆ ಫ್ಯಾಕ್ಟರಿಯಿಂದ ಬಂದಿದ್ದೇನಾ ಅಂತ ಒಂದು ಮಾತು ಕೇಳಿ ನೋಡಿ, ಎಷ್ಟೋ ಜನ ಖುಷಿಯಾಗಿ ಬಾನೆಟ್ ಎತ್ತಿ ಎಂಜಿನ್ ಬ್ಲಾಕ್ ಮೇಲೆ ಹೊಡೆದಿರೋ ನಂಬರ್ ತೋರಿಸ್ತಾರೆ (ಆಮೇಲೆ ಅರ್ಧ ಗಂಟೆ ಬಿಡಲ್ಲ, ಅದು ಬೇರೆ ವಿಷ್ಯ).

1964ರ ಪಾಂಟಿಯಾಕ್ ಜಿಟಿಓ ಕಂಡ್ರೆ ಬಿಡ್ಬೇಡಿ, ಮಧ್ಯಮ ಸೈಜಿನ ಕಾರಿಗೆ 389 ಕ್ಯೂಬಿಕ್ ಇಂಚಿನ ವಿ8 (ಎಂಟು ಸಿಲಿಂಡರ್ ಎಂಜಿನ್), ಅಂದ್ರೆ ಹತ್ತತ್ರ 6.4 ಲೀಟರ್, ನಮ್ಮ ಮಾರುತಿ 800ರ ಎಂಜಿನ್ ಎಂಟು ಸೇರಿಸಿದಷ್ಟು!

ಮಕ್ಕಳಿದ್ರೆ ಪ್ಲಿಮತ್ ರೋಡ್ ರನ್ನರ್ ಹುಡುಕಿ, ಹಾರ್ನ್ ಹೊಡೀರಿ ಅಂತ ಓನರ್‌ನ ಕೇಳಿ, ಅದೇ ಹೆಸರಿನ ಕಾರ್ಟೂನ್ ಹಕ್ಕಿ ಥರಾನೇ ಬೀಪ್ ಬೀಪ್ ಅನ್ನತ್ತೆ. ಪುಟ್ಟ ಮಕ್ಕಳ ಕಿವಿಗೆ ಇಯರ್‌ಮಫ್ ಹಾಕಿ, ಒಟ್ಟಿಗೆ ನಾಲ್ಕು ವಿ8 ಸ್ಟಾರ್ಟ್ ಆದ್ರೆ ಎದೆ ಅದುರತ್ತೆ.